ಲೇಸರ್ ಗೆರೆಯ ಊರುಗೋಲು: ಪಾರ್ಕಿನ್ಸನ್ ರೋಗಿಯ ನಡಿಗೆಗೆ ಎಷ್ಟರಮಟ್ಟಿನ ಆಸರೆ?

ತುದಿಯನ್ನು ನೆಲಕ್ಕೆ ಊರಿದೊಡನೆ ಪಾದದ ಮುಂದೆ ಕೆಂಪು ಬೆಳಕಿನ ಅಡ್ಡಗೆರೆಯೊಂದನ್ನು ಮೂಡಿಸುವ ಊರುಗೋಲನ್ನು ಡೊಂಬಿವಲಿಯ ನಮ್ಮ ಮನೆಯಲ್ಲಿ ತಂದೆಯವರು ಕಳೆದ ಮಳೆಗಾಲದಿಂದ ಬಳಸುತ್ತಿದ್ದಾರೆ. ಮುಂಬಯಿಯ ನಮ್ಮ ಕನ್ನಡ ಬಳಗದಲ್ಲಿ ಇದರ ಬಗ್ಗೆ ವಿಚಾರಿಸುವವರು ಹಲವರಿದ್ದಾರೆ. ಅವರಿಗೆ ಹೇಳಬೇಕಾದದ್ದು ಇಷ್ಟು: ನಡೆಯುತ್ತಿರುವಾಗ ಕಾಲು ನೆಲಕ್ಕೆ ಅಂಟಿಕೊಂಡಂತೆ ನಿಂತುಬಿಡುವ ತೊಂದರೆಗೆ ಇದು ನಿಜಕ್ಕೂ ಒಳ್ಳೆಯ ಸಾಧನ, ಆದರೆ ಸಮತೋಲ ತಪ್ಪಿ ಬೀಳುವುದನ್ನು ಇದು ತಡೆಯಲಾರದು. ಈ ಎರಡು ತೊಂದರೆಗಳ ಹಿಂದಿರುವ ಮಿದುಳಿನ ರಾಸಾಯನಿಕಗಳು ಒಂದೇ ಅಲ್ಲ.

ನಮ್ಮ ಮನೆಯಲ್ಲಿ ತೊಂದರೆಯ ಜಾಗವೆಂದರೆ ಬಚ್ಚಲುಮನೆಯ ಬಾಗಿಲು. ಹಾಲ್‌ನಲ್ಲಿ ಸಲೀಸಾಗಿ ನಡೆದು ಬರುವ ತಂದೆಯವರು ಆ ಇಕ್ಕಟ್ಟಿನ ಮುಂದೆ ಥಟ್ಟನೆ ನಿಲ್ಲುತ್ತಾರೆ. ಮೈ ಮುಂದಕ್ಕೆ ವಾಲುತ್ತದೆ, ಹಿಮ್ಮಡಿ ಮೇಲೇಳುತ್ತದೆ, ಬೆರಳುಗಳು ಮಾತ್ರ ನೆಲ ಬಿಡುವುದಿಲ್ಲ. ಆಗ ಊರುಗೋಲನ್ನು ಊರಿ, ಮೂಡಿದ ಗೆರೆಯನ್ನು ನೋಡಿ, ಅದನ್ನು ದಾಟಬೇಕೆಂದುಕೊಂಡರೆ ಕಾಲು ಏಳುತ್ತದೆ. ಕೈ ಹಿಡಿದು ಎಳೆದರೆ ಮೈ ಮುಂದೆ ಬಂದು ಕಾಲು ಹಿಂದೆಯೇ ಉಳಿಯುವ ಅಪಾಯವಿದೆ, ಗೆರೆಯಿಂದ ಅದಿಲ್ಲ.

ಯೋಚಿಸದೆಯೇ ಒಂದರ ಹಿಂದೊಂದು ಹೆಜ್ಜೆ ಬೀಳುವಂತೆ ನೋಡಿಕೊಳ್ಳುವುದು ಮಿದುಳಿನ ಆಳದಲ್ಲಿರುವ ಬೇಸಲ್ ಗ್ಯಾಂಗ್ಲಿಯಾ. ಪಾರ್ಕಿನ್ಸನ್ ರೋಗದಲ್ಲಿ, ಅದಕ್ಕೆ ಡೋಪಮೈನ್ ಎಂಬ ರಾಸಾಯನಿಕವನ್ನು ಪೂರೈಸುವ, ಸಬ್‌ಸ್ಟ್ಯಾನ್ಶಿಯಾ ನೈಗ್ರಾ ಎಂಬ ಮಿದುಳಿನ ಭಾಗದ ನರಕೋಶಗಳು ನಶಿಸುತ್ತ ಹೋದಂತೆ ಹೆಜ್ಜೆ ಕಿರಿದಾಗುತ್ತದೆ, ನಡಿಗೆ ಶುರುವಾಗುವುದೇ ಕಷ್ಟವಾಗುತ್ತದೆ. ಕಣ್ಣೆದುರಿಗೆ ಗೆರೆಯಿದ್ದರೆ, ಕೆಟ್ಟ ರಸ್ತೆಯನ್ನು ಬಿಟ್ಟು ಸುತ್ತುದಾರಿ ಹಿಡಿದಂತೆ, ನೋಟದ ಮೂಲಕ ಮಿದುಳಿನ ಹೊರಪದರವೇ ಹೆಜ್ಜೆಯನ್ನು ನಡೆಸುತ್ತದೆ ಎಂಬುದು ತಜ್ಞರು ಸಾಮಾನ್ಯವಾಗಿ ಕೊಡುವ ವಿವರಣೆ. ನೆಲದ ಅಡ್ಡಗೆರೆಗಳಿಗೆ ಈ ಗುಣವಿರುವುದನ್ನು ಲಂಡನ್ನಿನ ನರರೋಗ ತಜ್ಞ ಜೇಮ್ಸ್ ಪರ್ಡನ್ ಮಾರ್ಟಿನ್ 1960ರ ದಶಕದಲ್ಲೇ ಗಮನಿಸಿದ್ದರು. ಬೆಳಗಿನ ಸಿಂಡೋಪಾ ಮಾತ್ರೆಯ ಲೆವೊಡೋಪಾ ಮಿದುಳಿನಲ್ಲಿ ಡೋಪಮೈನ್ ಆಗಿ ಮಾರ್ಪಟ್ಟು ಕೆಲಸ ಮಾಡುತ್ತಿರುವಾಗ ತಂದೆಯವರಿಗೆ ಗೆರೆ ಬೇಕಾಗುವುದೇ ಅಪರೂಪ. ಅದರ ಪರಿಣಾಮ ಇಳಿದಾಗಲೇ ಊರುಗೋಲಿನ ಉಪಯೋಗ ತಿಳಿಯುವುದು.

ಸಮತೋಲದ ಮಾತೇ ಬೇರೆ. ಈ ಊರುಗೋಲನ್ನು ನಮಗೆ ಮಾರಿದ ಸರ್ಜಿಕಲ್ ಸಾಮಾನಿನ ಅಂಗಡಿಯವರು ಇನ್ನು ಬೀಳುವ ಭಯವಿಲ್ಲ ಎಂದಿದ್ದರು. ಕುಟುಂಬದವರ ಎಚ್ಚರ ತಪ್ಪಿಸುವ ಇಂಥ ಭರವಸೆಯನ್ನು ಯಾರೂ ಕೊಡಬಾರದು. ಮಾತ್ರೆಯ ಪರಿಣಾಮ ಪೂರ್ತಿ ಇರುವ ಹೊತ್ತಿನಲ್ಲಿ, ಕೈಯಲ್ಲಿ ಊರುಗೋಲಿದ್ದೂ, ಕಪಾಟಿನ ಬಾಗಿಲು ಎಳೆಯುವಾಗ ತಂದೆಯವರು ಹಿಂದಕ್ಕೆ ಬಿದ್ದರು. ಅಮೆರಿಕದ ಮಿಷಿಗನ್‌ನಲ್ಲಿ ನಿಕೊಲಾಸ್ ಬೋನೆನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೀಳುವ ರೋಗಿಗಳಿಗೂ ಬೀಳದವರಿಗೂ ಡೋಪಮೈನ್ ನಷ್ಟದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ; ವ್ಯತ್ಯಾಸ ಕಂಡದ್ದು ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ರಾಸಾಯನಿಕದಲ್ಲಿ. ಮಿದುಳುಕಾಂಡದ ಪೆಡಂಕ್ಯುಲೋಪಾಂಟೈನ್ ನ್ಯೂಕ್ಲಿಯಸ್ ಈ ರಾಸಾಯನಿಕವನ್ನು ಮಿದುಳಿನ ನಡುವಿನ ಥಲಾಮಸ್‌ಗೆ ಒದಗಿಸುತ್ತದೆ, ಮುಮ್ಮಿದುಳಿನ ತಳದ ಕೋಶಗಳು ಹೊರಪದರಕ್ಕೆ ಒದಗಿಸಿ ಗಮನವನ್ನು ಚುರುಕಾಗಿಡುತ್ತವೆ. ಇವು ಸೊರಗಿದರೆ ಲೆವೊಡೋಪಾದಿಂದ ಆ ಕೊರತೆ ತುಂಬದು. ಗೆರೆ ಕೆಲಸ ಮಾಡುವುದೂ ಗಮನವಿದ್ದರೆ ಮಾತ್ರ: ತಂದೆಯವರು ಮಾತನಾಡುತ್ತ ನಡೆದರೆ ಗೆರೆ ಇದ್ದೂ ಇಲ್ಲದಂತೆ. ಆದ್ದರಿಂದ ಅವರು ನಡೆಯುತ್ತಿರುವಾಗ ನಮ್ಮ ಮನೆಯಲ್ಲಿ ಯಾರೂ ಅವರನ್ನು ಏನೂ ಕೇಳುವುದಿಲ್ಲ.

ಅಸಿಟೈಲ್‌ಕೋಲಿನ್ ಬೇಗ ಒಡೆಯದಂತೆ ತಡೆಯುವ ರಿವಾಸ್ಟಿಗ್ಮಿನ್ ಔಷಧವನ್ನು ಬ್ರಿಟನ್ನಿನಲ್ಲಿ 130 ರೋಗಿಗಳಲ್ಲಿ ಪರೀಕ್ಷಿಸಿದಾಗ ಹೆಜ್ಜೆಯ ಏರುಪೇರೂ ಬೀಳುವಿಕೆಯೂ ಕಡಿಮೆಯಾದುದಾಗಿ 2016ರಲ್ಲಿ ವರದಿಯಾಯಿತು. ವಾಕರಿಕೆಯ ತೊಂದರೆಯೂ ಇತ್ತು. ಇದಕ್ಕೆ ವಿರುದ್ಧವಾಗಿ, ನಡುಕಕ್ಕೆಂದು ಕೊಡುವ ಟ್ರೈಹೆಕ್ಸಿಫೆನಿಡಿಲ್ ಅಸಿಟೈಲ್‌ಕೋಲಿನ್‌ನ ಕೆಲಸಕ್ಕೇ ಅಡ್ಡಬರುತ್ತದೆ. ಮನೆಯ ಹಿರಿಯರು ಅದನ್ನು ತೆಗೆದುಕೊಳ್ಳುತ್ತಿದ್ದರೆ, ತಾವಾಗಿ ನಿಲ್ಲಿಸದೆ, ನರರೋಗ ತಜ್ಞರಲ್ಲಿ ಕೇಳಿ.

ಸಾಧನದಲ್ಲಿ ಕುಂದುಗಳೂ ಇವೆ. ಮನೆಯೊಳಗೆ ನಿಚ್ಚಳವಾಗಿ ಕಾಣುವ ಕೆಂಪು ಗೆರೆ ಮಧ್ಯಾಹ್ನದ ಬಿಸಿಲಿನಲ್ಲಿ ಕಾಣುವುದೇ ಇಲ್ಲ. ಅಷ್ಟೇ ಶಕ್ತಿಯ ಹಸಿರು ಬೆಳಕು ಕಣ್ಣಿಗೆ ಹೆಚ್ಚು ಪ್ರಖರವಾದ್ದರಿಂದ ಹಸಿರಿನದು ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. ನೆಲ ಒರೆಸಿದ ಕೂಡಲೇ ನುಣುಪಾದ ಟೈಲ್ಸ್ ಮೇಲೆ ಗೆರೆ ಚದುರುತ್ತದೆ. ರೈಲ್ವೆ ಪ್ಲಾಟ್‌ಫಾರ್ಮಿನ ಜನಜಂಗುಳಿಯಲ್ಲಿ ಇದನ್ನು ನೆಚ್ಚಿಕೊಳ್ಳಬೇಡಿ. ಬೆಲೆಯೂ ಸಾಮಾನ್ಯ ಊರುಗೋಲಿನ ಹಲವು ಪಟ್ಟು.

ಆದ್ದರಿಂದ ಕೊಳ್ಳುವ ಮುನ್ನ, ಕಾಲು ನಿಲ್ಲುವ ಜಾಗದಲ್ಲಿ ಬಣ್ಣದ ಟೇಪನ್ನು ಅಡ್ಡಲಾಗಿ ಅಂಟಿಸಿ, ಮಾತ್ರೆಯ ಪರಿಣಾಮ ಇಳಿದ ಹೊತ್ತಿನಲ್ಲಿ, ಪಕ್ಕದಲ್ಲಿ ಒಬ್ಬರು ನಿಂತು, ಹೆಜ್ಜೆ ಏಳುತ್ತದೆಯೇ ನೋಡಿ. ಎದ್ದರೆ ಊರುಗೋಲಿಗೆ ಕೊಡುವ ಹಣ ವ್ಯರ್ಥವಾಗದೆಂದು ನನ್ನ ಅನಿಸಿಕೆ. ವೈದ್ಯರು ಹಿಂದಿನಿಂದ ಹೆಗಲು ಎಳೆದು ನೋಡಿದಾಗ ಸಾವರಿಸಿಕೊಳ್ಳಲಾಗದವರಿಗೆ ಬಚ್ಚಲಿನ ಗೋಡೆಗೆ ಹಿಡಿಕೆ, ಫಿಸಿಯೋಥೆರಪಿಸ್ಟರ ತರಬೇತಿ, ತಿರುಗುವಾಗ ಜೊತೆಗೊಬ್ಬರು, ಇವು ಮೊದಲು ಬೇಕು, ಲೇಸರ್ ಆಮೇಲೆ.