ಮುಳ್ಳು ‘ಒಣ’ ಎಂದರೆ ನಂಬಬೇಡಿ: ಸಕ್ಯುಲೆಂಟ್ ಕುಂಡದಲ್ಲಿ ಮಾಯಿಶ್ಚರ್ ಮೀಟರ್

ಹಸಿರು ಪ್ಲಾಸ್ಟಿಕ್ ತಲೆ, ಅದರಡಿ ಗೇಣುದ್ದದ ಎರಡು ಲೋಹದ ಕಡ್ಡಿ, ತೇವ–ಬೆಳಕು–ಪಿಎಚ್ ಎಂದು ಮೂರು ಕಡೆ ಸರಿಯುವ ಒಂದು ಸ್ವಿಚ್ಚು. ಸೆಲ್ ಬೇಡ, ಚಾರ್ಜ್ ಬೇಡ. ಆನ್‌ಲೈನ್‌ನಲ್ಲಿ ₹300ರಿಂದ ₹500ರೊಳಗೆ ಹತ್ತಾರು ಹೆಸರಿನಲ್ಲಿ ಸಿಗುವ ಈ ‘ತ್ರೀ ಇನ್ ಒನ್’ ಮೀಟರ್‌ಗಳೆಲ್ಲ ಒಳಗೆ ಹೆಚ್ಚುಕಡಿಮೆ ಒಂದೇ. ನೀರು ಹೆಚ್ಚಾಗಿ ಸಕ್ಯುಲೆಂಟ್ (ದಪ್ಪ ಎಲೆ, ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡ) ಕಳೆದುಕೊಂಡವರು ಮೊದಲು ಕೊಳ್ಳುವುದು ಇದನ್ನೇ. ತುಳಸಿ, ಮನಿಪ್ಲಾಂಟ್ ಕುಂಡಗಳಿಗೆ ಇದು ತಕ್ಕಮಟ್ಟಿಗೆ ನಡೆಯುತ್ತದೆ. ಎಚೆವೇರಿಯಾ, ಹಾವರ್ಥಿಯಾ, ಜೇಡ್ ಗಿಡಗಳಿಗೆ ಇದೊಂದನ್ನೇ ನಂಬಿದರೆ, ತಪ್ಪಿಸಬೇಕೆಂದಿದ್ದ ಕೊಳೆತವನ್ನು ಇದೇ ತಂದಿಡುತ್ತದೆ.

ಕಾರಣ ಅದರ ಕೆಲಸದ ರೀತಿಯಲ್ಲೇ ಇದೆ. ಮೀಟರ್ ನೀರನ್ನು ಅಳೆಯುವುದೇ ಇಲ್ಲ. ಎರಡು ಬೇರೆ ಬೇರೆ ಲೋಹಗಳ ನಡುವೆ ಒದ್ದೆ ಮಣ್ಣು ಬಂದಾಗ ಸಣ್ಣ ಬ್ಯಾಟರಿಯಾಗುತ್ತದೆ. ಶಾಲೆಯಲ್ಲಿ ನಿಂಬೆಹಣ್ಣಿಗೆ ತಾಮ್ರ, ಸತುವು ಚುಚ್ಚಿ ತೋರಿಸುವ ಪ್ರಯೋಗದ ಹಾಗೆಯೇ. ಆ ಅಲ್ಪ ಕರೆಂಟೇ ಮೀಟರ್‌ನ ಮುಳ್ಳನ್ನು ಎಡದ ‘ಒಣ’ದಿಂದ ಬಲದ ‘ಒದ್ದೆ’ಯ ಕಡೆಗೆ ತಳ್ಳುತ್ತದೆ. ಹೀಗಾಗಿ ಮಣ್ಣಿನಲ್ಲಿ ಉಪ್ಪಿನಂಶ ಎಷ್ಟಿದೆ, ಕಡ್ಡಿಗೆ ಮಣ್ಣು ಎಷ್ಟು ಒತ್ತಿಕೊಂಡಿದೆ ಎಂಬುದೂ ರೀಡಿಂಗ್‌ನೊಳಗೆ ಸೇರಿಬಿಡುತ್ತದೆ.

ಒಂದು ಲೋಟ ಆರ್‌ಒ ನೀರಿನಲ್ಲಿ ಕಡ್ಡಿ ಮುಳುಗಿಸಿ ನೋಡಿ. ಸುತ್ತ ನೀರೇ ಇದ್ದರೂ ಮುಳ್ಳು ತುದಿ ಮುಟ್ಟಲು ಹಿಂಜರಿಯುತ್ತದೆ. ಚಿಟಿಕೆ ಉಪ್ಪು ಹಾಕಿ ಕಲಕಿ, ಮುಳ್ಳು ಸರ್ರನೆ ಬಲಕ್ಕೆ ಹೋಗುತ್ತದೆ. ನೀರು ಒಂದು ಹನಿಯೂ ಹೆಚ್ಚಾಗಿಲ್ಲ. ಗೊಬ್ಬರ ಹಾಕಿದ ಕುಂಡ, ವರ್ಷಗಟ್ಟಲೆ ಬೋರ್‌ವೆಲ್ ಗಡಸು ನೀರು ಕುಡಿದು ಅಂಚಿನಲ್ಲಿ ಬಿಳಿ ಪೊರೆ ಕಟ್ಟಿದ ಕುಂಡ, ಎರಡರಲ್ಲೂ ಇದೇ ಆಗುತ್ತದೆ: ಇದ್ದದ್ದಕ್ಕಿಂತ ಹೆಚ್ಚು ಒದ್ದೆ ಎಂದು ತೋರಿಸುತ್ತದೆ. ಈ ತಪ್ಪಿನಿಂದ ಸಕ್ಯುಲೆಂಟ್‌ಗೆ ತೊಂದರೆಯಿಲ್ಲ. ನೀರು ನಾಲ್ಕು ದಿನ ತಡವಾಗುತ್ತದೆ ಅಷ್ಟೆ.

ಅಪಾಯ ಇರುವುದು ಇನ್ನೊಂದು ತಪ್ಪಿನಲ್ಲಿ. ಸಕ್ಯುಲೆಂಟ್ ಮಿಶ್ರಣದಲ್ಲಿ ಅರ್ಧಕ್ಕಿಂತ ಹೆಚ್ಚು ಪರ್ಲೈಟ್, ಪ್ಯೂಮಿಸ್ (ಎರಡೂ ರಂಧ್ರಗಳಿರುವ ಹಗುರ ಕಲ್ಲು), ದಪ್ಪ ಮರಳು, ಇಟ್ಟಿಗೆ ಚೂರು. ಕಡ್ಡಿ ಇಳಿಸಿದರೆ ಅದರ ಸುತ್ತ ಗಾಳಿ ಸಂದುಗಳೇ ಹೆಚ್ಚು. ಕಲ್ಲಿನ ರಂಧ್ರದೊಳಗಿನ ನೀರು ಲೋಹವನ್ನು ಮುಟ್ಟುವುದೇ ಇಲ್ಲ. ಹತ್ತರಲ್ಲಿ ಒಂದೋ ಎರಡೋ ತೋರಿಸಿ ‘ಒಣ’ ಎನ್ನುತ್ತದೆ. ನೀರು ಹಾಕಿದ ಮರುದಿನವೂ ಹಾಗೆಯೇ ಎನ್ನಬಹುದು. ಅದನ್ನು ನಂಬಿ ಮತ್ತೆ ನೀರು ಹಾಕಿದರೆ ಮುಗಿಯಿತು. ಆದ್ದರಿಂದ ಕಲ್ಲು ಮಿಶ್ರಣದಲ್ಲಿ ಮುಳ್ಳು ನಾಲ್ಕು ದಾಟಿದರೆ ನಂಬಿ, ನೀರು ಹಾಕಬೇಡಿ. ‘ಒಣ’ ಎಂದರೆ ಇನ್ನೊಂದು ಸಾಕ್ಷಿ ಕೇಳಿ.

ಆ ಸಾಕ್ಷಿ ದುಬಾರಿಯಲ್ಲ. ಬಿದಿರಿನ ಕಡ್ಡಿಯೊಂದನ್ನು ಕುಂಡದ ಅಂಚಿನ ಬಳಿ ತಳ ಮುಟ್ಟುವವರೆಗೆ ಇಳಿಸಿ, ಹತ್ತು ನಿಮಿಷ ಬಿಟ್ಟು ತೆಗೆಯಿರಿ. ತುದಿ ಕಪ್ಪಗಾಗಿದ್ದರೆ, ತುಟಿಗೆ ತಾಗಿಸಿದಾಗ ತಣ್ಣಗಿದ್ದರೆ ಒಳಗೆ ತೇವ ಇದೆ. ಮೂಸಿ ನೋಡುವುದೂ ಒಳ್ಳೆಯದು: ಚರಂಡಿಯ ವಾಸನೆ ಬಂದರೆ ಗಿಡವನ್ನು ಅಂದೇ ಹೊರಗೆ ತೆಗೆಯಬೇಕು. ಇದಕ್ಕಿಂತ ನಿಖರವಾದದ್ದು ಅಡುಗೆಮನೆಯ ತೂಕದ ಯಂತ್ರ. ನಾಲ್ಕಿಂಚಿನ ಪ್ಲಾಸ್ಟಿಕ್ ಕುಂಡ ಪೂರ್ತಿ ಒಣಗಿದಾಗ 310 ಗ್ರಾಂ, ನೀರು ಕುಡಿದು ಬಸಿದ ಮೇಲೆ 430 ಗ್ರಾಂ ಎಂದಿಟ್ಟುಕೊಳ್ಳಿ. ಎರಡನ್ನೂ ಕುಂಡದ ಮೇಲೆ ಮಾರ್ಕರ್‌ನಲ್ಲಿ ಬರೆದಿಡಿ. ತೂಕ 320ರ ಆಸುಪಾಸಿಗೆ ಇಳಿಯುವವರೆಗೆ ನೀರಿನ ಮಾತೇ ಬೇಡ. ಮಳೆಗಾಲದ ಬೆಂಗಳೂರಿನಲ್ಲಿ ಅದಕ್ಕೆ ಮೂರು ವಾರ ಹಿಡಿಯಬಹುದು, ಏಪ್ರಿಲ್‌ನ ಕಲಬುರಗಿಯಲ್ಲಿ ಐದೇ ದಿನ ಸಾಕಾಗಬಹುದು. ‘ವಾರಕ್ಕೊಮ್ಮೆ ನೀರು’ ಎಂಬ ಚೀಟಿ ಅಂಟಿಸಿ ಗಿಡ ಮಾರುವುದು ಇದಕ್ಕೇ ತಪ್ಪು.

ಮೀಟರ್ ನಿಜವಾಗಿ ಉಪಯೋಗಕ್ಕೆ ಬರುವ ಒಂದು ಜಾಗವಿದೆ. ನರ್ಸರಿಯಿಂದ ತಂದ ಗಿಡ ಸಾಮಾನ್ಯವಾಗಿ ಕೋಕೋಪೀಟ್‌ನಲ್ಲೇ (ತೆಂಗಿನ ನಾರಿನ ಪುಡಿ) ಇರುತ್ತದೆ. ಅದರ ಮೇಲ್ಪದರ ತಿಳಿಕಂದು ಬಣ್ಣಕ್ಕೆ ತಿರುಗಿ ಒಣಗಿದಂತೆ ಕಂಡರೂ ಎರಡು ಇಂಚು ಕೆಳಗೆ ಹಿಂಡಿದರೆ ನೀರು ಬರುವಷ್ಟು ಒದ್ದೆ. ಕೋಕೋಪೀಟ್ ಕಡ್ಡಿಗೆ ಚೆನ್ನಾಗಿ ಅಂಟಿಕೊಳ್ಳುವುದರಿಂದ ಮೀಟರ್ ಇಲ್ಲಿ ದಾರಿ ತಪ್ಪುವುದು ಕಡಿಮೆ. ಕಡ್ಡಿಯನ್ನು ಬೇರಿನ ಆಳಕ್ಕೆ ಇಳಿಸಿ, ಎರಡು ಕಡೆ ನೋಡಿ, ತಕ್ಷಣ ತೆಗೆದು ಒರೆಸಿ. ಮಣ್ಣಿನಲ್ಲೇ ಬಿಟ್ಟರೆ ಲೋಹ ಸವೆದು ರೀಡಿಂಗ್ ಕೆಡುತ್ತದೆ. ಕಲ್ಲು ತಾಗಿದರೆ ಒತ್ತಬೇಡಿ, ಕಡ್ಡಿ ಬಾಗುತ್ತದೆ. ಬೆಳಕಿನ ಅಳತೆ ಬಾಲ್ಕನಿಯ ಈ ಮೂಲೆಗೂ ಆ ಮೂಲೆಗೂ ಹೋಲಿಸುವಷ್ಟಕ್ಕೆ ಸರಿ. ಪಿಎಚ್ ಅಳತೆಯನ್ನು ಮರೆತುಬಿಡಿ.

ಮೀಟರ್ ಹೇಳದ್ದನ್ನು ಎಲೆ ಹೇಳುತ್ತದೆ. ನೀರು ಹೆಚ್ಚಾದರೆ ಕೆಳಗಿನ ಎಲೆ ಹಳದಿಯಾಗಿ, ಗಾಜಿನಂತೆ ಪಾರದರ್ಶಕವಾಗಿ, ಬೆರಳು ತಾಗಿದರೆ ಸಾಕು ಕಳಚಿ ಬೀಳುತ್ತದೆ. ನೀರು ಕಡಿಮೆಯಾದರೆ ಎಲೆ ತೆಳುವಾಗಿ ಸುಕ್ಕುಗಟ್ಟುತ್ತದೆ, ಆದರೆ ಕಾಂಡ ಬಿಡುವುದಿಲ್ಲ. ಮಣ್ಣು ಒದ್ದೆಯಿದ್ದೂ ಎಲೆ ಸುಕ್ಕಾಗಿದ್ದರೆ ಬೇರು ಕೊಳೆತು ನೀರೆಳೆಯುವ ಶಕ್ತಿ ಹೋಗಿದೆ ಎಂದರ್ಥ. ಇದನ್ನೇ ಬಾಯಾರಿಕೆ ಎಂದುಕೊಂಡು ಮತ್ತೆ ನೀರು ಸುರಿದು ಗಿಡ ಕೊಲ್ಲುವವರೇ ಹೆಚ್ಚು.

ಆಗ ಗಿಡವನ್ನು ಕುಂಡದಿಂದ ಬಿಡಿಸಿ ಮಣ್ಣು ಉದುರಿಸಿ. ಒಂದು ಬೇರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲನೆ ಎಳೆಯಿರಿ. ಹೊರಸಿಪ್ಪೆ ಲೊಳಕ್ಕನೆ ಕೈಗೆ ಬಂದು ಒಳಗೆ ದಾರದಂಥ ಎಳೆಯೊಂದೇ ಉಳಿದರೆ ಆ ಬೇರು ಸತ್ತಿದೆ. ಬಿಳಿಯಾಗಿ ಗಟ್ಟಿಯಾಗಿದ್ದರೆ ಬದುಕಿದೆ. ಬೇರುಗಳೆಲ್ಲ ಚೆನ್ನಾಗಿದ್ದರೆ ಒಂದು ರಾತ್ರಿ ನ್ಯೂಸ್‌ಪೇಪರ್‌ನಲ್ಲಿ ಸುತ್ತಿಟ್ಟು, ಎರಡು–ಮೂರು ದಿನ ನೆರಳಲ್ಲಿ ಆರಿಸಿದರೆ ಸಾಕು. ಬೇಗ ಒಣಗಲೆಂದು ಬಿಸಿಲಿಗೆ ಇಡಬೇಡಿ, ನೀರು ತುಂಬಿದ ಎಲೆ ಸುಟ್ಟುಹೋಗುತ್ತದೆ.

ಕೊಳೆತಿದ್ದರೆ ಸ್ಪಿರಿಟ್‌ನಲ್ಲಿ ಒರೆಸಿದ ಬ್ಲೇಡಿನಿಂದ ಸತ್ತ ಬೇರನ್ನೆಲ್ಲ ಕತ್ತರಿಸಿ. ಕಾಂಡ ಕಪ್ಪಾಗಿದ್ದರೆ ಕೆಳಗಿನಿಂದ ಮೇಲಕ್ಕೆ ತೆಳುವಾಗಿ ಬಿಲ್ಲೆ ಬಿಲ್ಲೆಯಾಗಿ ಕೊಯ್ಯುತ್ತ ಹೋಗಿ. ಪ್ರತಿ ಸಲವೂ ಬ್ಲೇಡ್ ಒರೆಸಿ. ಕೊಯ್ದ ಮುಖದ ನಡುವೆ ಕಂದು ಚುಕ್ಕೆಯೊಂದು ಕಂಡರೂ ಕೊಳೆತ ಇನ್ನೂ ಮೇಲಿದೆ. ಪೂರ್ತಿ ತಿಳಿಹಸಿರು ಕಾಣುವವರೆಗೆ ನಿಲ್ಲಿಸಬೇಡಿ, ಕೊನೆಗೆ ಹೂವಿನಂಥ ತಲೆಯೊಂದೇ ಉಳಿದರೂ ಪರವಾಗಿಲ್ಲ. ಕಾರ್ಬೆಂಡಜಿಮ್ 12%, ಮ್ಯಾಂಕೋಜೆಬ್ 63% ಇರುವ ಶಿಲೀಂಧ್ರನಾಶಕ ಪುಡಿಯನ್ನು ಗ್ಲೌಸ್ ಹಾಕಿಕೊಂಡು ಲೀಟರಿಗೆ 2 ಗ್ರಾಂನಂತೆ ಕಲಸಿ ಗಾಯಕ್ಕೆ ಹಚ್ಚಬಹುದು. ಇದರಲ್ಲಿನ ಕಾರ್ಬೆಂಡಜಿಮ್‌ಗೆ ಪಿಥಿಯಂ ಜಾತಿಯ ಕೊಳೆರೋಗ ಬಗ್ಗುವುದಿಲ್ಲ. ಅದಕ್ಕೆ ಶುದ್ಧವಾಗಿ ಕೊಯ್ದು ಒಣಗಿಸುವುದೇ ಮದ್ದು. ಗಾಯ ಗಟ್ಟಿಯಾಗಲು ನೆರಳು, ಗಾಳಿ ಇರುವಲ್ಲಿ ಮೂರರಿಂದ ಏಳು ದಿನ ಬಿಡಿ. ಒಣ ಮಿಶ್ರಣದಲ್ಲಿ ನೆಟ್ಟು, ಬೇರು ಉಳಿದ ಗಿಡವಾದರೆ ವಾರದ ನಂತರ ಮೊದಲ ನೀರು. ಬರೀ ತಲೆಯಾದರೆ ಬೇರು ಮೂಡಿದ ಮೇಲೆ.

ಮಿಶ್ರಣಕ್ಕೆ ಒಂದು ಪಾಲು ಮಣ್ಣು–ಕಾಂಪೋಸ್ಟ್, ಒಂದು ಪಾಲು ಪರ್ಲೈಟ್ ಅಥವಾ ಪ್ಯೂಮಿಸ್, ಒಂದು ಪಾಲು 3–5 ಮಿ.ಮೀ. ಕಲ್ಲು ಚೂರು. ಎಂ-ಸ್ಯಾಂಡ್ ಬಳಸುವುದಾದರೆ ಜರಡಿ ಹಿಡಿದು, ತೊಳೆದು ಧೂಳು ತೆಗೆಯಿರಿ. ಆ ಧೂಳು ಸಿಮೆಂಟಿನಂತೆ ಕೂರುತ್ತದೆ. ಕುಂಡದ ತಳಕ್ಕೆ ಜಲ್ಲಿ ಹಾಸುವುದರಿಂದ ಲಾಭವಿಲ್ಲ: ನೀರು ಜಲ್ಲಿಯ ಮೇಲೆ, ಅಂದರೆ ಬೇರಿಗೆ ಇನ್ನೂ ಹತ್ತಿರ ನಿಲ್ಲುತ್ತದೆ.

ಮೀಟರ್ ಈಗಾಗಲೇ ಮನೆಯಲ್ಲಿದ್ದರೆ ಕೋಕೋಪೀಟ್ ಕುಂಡಗಳಿಗೆ ಇಟ್ಟುಕೊಳ್ಳಿ. ಹೊಸದಾಗಿ ಕೊಳ್ಳುವವರು ಅದೇ ದುಡ್ಡಿಗೆ ಒಂದು ಅಡುಗೆಮನೆ ತಕ್ಕಡಿ, ಒಂದು ಕಟ್ಟು ಬಿದಿರು ಕಡ್ಡಿ ಕೊಳ್ಳಿ. ತಕ್ಕಡಿ ಮನೆಯಲ್ಲೇ ಇದ್ದರೆ ದುಡ್ಡನ್ನು ಪರ್ಲೈಟ್‌ಗೆ ಹಾಕಿ.