ವೈರ್‌ಶಾರ್ಕ್: ನಮ್ಮ ಅಂಗಡಿಯ ಇಂಟರ್ನೆಟ್ ತಿನ್ನುತ್ತಿದ್ದವರು ಯಾರು?

ದಾವಣಗೆರೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ, ನಾಲ್ಕು ಕಂಪ್ಯೂಟರ್. ತಿಂಗಳಿಡೀ ಬೆಳಿಗ್ಗೆ ಹತ್ತರಿಂದ ಹನ್ನೆರಡರ ತನಕ ಇಂಟರ್ನೆಟ್ ತೆವಳುತ್ತಿತ್ತು. ಗಿರಾಕಿಗಳು ಪಹಣಿ ಪ್ರಿಂಟಿಗೆ ಸುಮ್ನೆ ಕಾದು ಕೂರುವುದನ್ನು ನೋಡಿದರೆ ಸಂಕಟವಾಗುತ್ತಿತ್ತು.

ಕೊನೆಗೆ ವೈರ್‌ಶಾರ್ಕ್ ಹಾಕಿದೆ. ಕಂಪ್ಯೂಟರಿಗೆ ಬಂದು ಹೋಗುವ ಡೇಟಾವನ್ನು ಹಿಡಿದು ತೋರಿಸುವ ಸಾಫ್ಟ್‌ವೇರ್ ಇದು. ಪೂರ್ತಿ ಉಚಿತ. 1998ರಲ್ಲಿ ಜೆರಾಲ್ಡ್ ಕೂಂಬ್ಸ್ ಇದನ್ನು ಈಥೀರಿಯಲ್ ಅಂತ ಹೊರತಂದರು, 2006ರಲ್ಲಿ ಹೆಸರು ಬದಲಾಯಿತು. ವಿಂಡೋಸ್‌ನಲ್ಲಿ ಜೊತೆಗೆ ಬರುವ ಎನ್‌ಪಿಕ್ಯಾಪ್ (ಡೇಟಾ ಹಿಡಿದುಕೊಡುವ ಡ್ರೈವರ್) ಕೂಡ ಹಾಕಿಕೊಳ್ಳಬೇಕು.

ಶುರು ಮಾಡಿದ ಕೂಡಲೇ ಬಣ್ಣಬಣ್ಣದ ಸಾಲುಗಳು ಓಡುತ್ತವೆ. ಹೆದರಬೇಡಿ. ಸ್ಟ್ಯಾಟಿಸ್ಟಿಕ್ಸ್ ಮೆನುವಿನಲ್ಲಿ ಕಾನ್ವರ್ಸೇಶನ್ಸ್ ತೆರೆದು, ಬೈಟ್ಸ್ ಕಾಲಂ ಒತ್ತಿ. ಯಾರು ಯಾರ ಜೊತೆ ಎಷ್ಟು ಡೇಟಾ ಸಾಗಿಸುತ್ತಿದ್ದಾರೆ ಅಂತ ದೊಡ್ಡದರಿಂದ ಚಿಕ್ಕದಕ್ಕೆ ಬರುತ್ತದೆ. ನನಗೆ ಅಲ್ಲೇ ಸಿಕ್ಕಿತು: ಬಿಲ್ಲಿಂಗ್ ಕಂಪ್ಯೂಟರ್ ಹಳೆಯ ಮದುವೆ ಆಲ್ಬಂಗಳನ್ನೆಲ್ಲ ಬ್ಯಾಕಪ್‌ಗೆ ಕಳಿಸುತ್ತಿತ್ತು. ಸಮಯವನ್ನು ರಾತ್ರಿಗೆ ಬದಲಿಸಿದೆ. ಮರುದಿನವೇ ಪಹಣಿ ಪುಟ ಸಲೀಸಾಗಿ ತೆರೆಯಿತು!

ಒಂದು ವಿಷಯ ತಿಳಿದಿರಲಿ. ನೆಟ್‌ವರ್ಕ್ ಸ್ವಿಚ್ (ಕಂಪ್ಯೂಟರ್‌ಗಳನ್ನು ಕೇಬಲ್‌ನಲ್ಲಿ ಜೋಡಿಸುವ ಪೆಟ್ಟಿಗೆ) ಇರುವ ಕಡೆ ನಿಮಗೆ ಮುಖ್ಯವಾಗಿ ನಿಮ್ಮ ಕಂಪ್ಯೂಟರಿನ ಡೇಟಾ ಸಂಚಾರ ಮಾತ್ರ ಕಾಣುತ್ತದೆ. ಹಾಗಾಗಿ ನಾನು ನಾಲ್ಕರಲ್ಲೂ ಒಂದೊಂದಾಗಿ ಹಾಕಿ ನೋಡಿದೆ. ಎಚ್‌ಟಿಟಿಪಿಎಸ್ (ಗುಪ್ತಲಿಪಿಯಲ್ಲಿ ಸಾಗುವ ವೆಬ್ ಸಂಪರ್ಕ) ಒಳಗಿನ ಮಾತು ಓದಲಾಗದು, ಅದು ಒಳ್ಳೆಯದೇ ಅಲ್ವಾ? ಜಾಸ್ತಿ ಹೊತ್ತು ಓಡಿಸಿದರೆ ಹಿಡಿದ ಡೇಟಾದ ಫೈಲ್ ವಿಪರೀತ ಬೆಳೆಯುತ್ತದೆ, ನಾನು ಹತ್ತು ನಿಮಿಷಕ್ಕೆ ನಿಲ್ಲಿಸುತ್ತೇನೆ. ಬೇರೆಯವರ ನೆಟ್‌ವರ್ಕ್‌ನಲ್ಲಿ ಮಾತ್ರ ಕೇಳದೆ ಹಚ್ಚಬೇಡಿ.