ಫೆಟ್‌ನ ವಿದ್ಯುನ್ಮಂಡಲ ಸಿಮ್ಯುಲೇಷನ್: ಪ್ರೌಢಶಾಲಾ ಶಿಕ್ಷಕರೊಬ್ಬರ ವಿಮರ್ಶೆ

ಬೆಂಗಳೂರಿನ ಅನೇಕ ಶಾಲೆಗಳಿಗೆ ಈಗ ಪ್ರೊಜೆಕ್ಟರ್ ಇಲ್ಲವೇ ಸ್ಮಾರ್ಟ್ ಬೋರ್ಡ್ ಬಂದಿದೆ, ಆದರೆ ನಾನು ಕಂಡಂತೆ ಅವು ಹೆಚ್ಚಾಗಿ ಬಳಕೆಯಾಗುವುದು ವಿಡಿಯೋ ತೋರಿಸುವುದಕ್ಕೆ. ವಿಡಿಯೋದಲ್ಲಿ ಏನಾಗಬೇಕೆಂಬುದು ಮೊದಲೇ ತೀರ್ಮಾನವಾಗಿರುವುದರಿಂದ ಮಕ್ಕಳು ಅದನ್ನು ನೋಡಬಹುದೇ ಹೊರತು ಕೆದಕಿ ಪರೀಕ್ಷಿಸಲಾಗದು. ಆ ಅವಕಾಶ ಕೊಡುವ ಸಾಧನವೆಂದು ನಾನು ಫೆಟ್ (PhET) ಸಿಮ್ಯುಲೇಷನ್‌ಗಳನ್ನು, ಅಂದರೆ ಪ್ರಯೋಗಗಳನ್ನು ಕಂಪ್ಯೂಟರ್ ಪರದೆಯ ಮೇಲೆ ಮಾಡಿ ನೋಡಬಹುದಾದ ಅಣಕು ಮಾದರಿಗಳನ್ನು, ಮೆಚ್ಚುತ್ತೇನೆ. ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ ಅವರು 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಈ ಯೋಜನೆಯ ಸಿಮ್ಯುಲೇಷನ್‌ಗಳನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಇಲ್ಲಿ ವಿಮರ್ಶಿಸುತ್ತಿರುವುದು ಹತ್ತನೆಯ ತರಗತಿಯ ‘ವಿದ್ಯುಚ್ಛಕ್ತಿ’ ಪಾಠಕ್ಕೆ ಒದಗುವ ‘ಸರ್ಕ್ಯೂಟ್ ಕನ್‌ಸ್ಟ್ರಕ್ಷನ್ ಕಿಟ್: ಡಿಸಿ’ ಎಂಬುದನ್ನು.

ಪರದೆಯ ಅಂಚಿನಲ್ಲಿರುವ ಬ್ಯಾಟರಿ, ಬಲ್ಬು, ತಂತಿ, ರೋಧಕ, ಸ್ವಿಚ್ಚುಗಳನ್ನು ಎಳೆದು ತಂದು ಜೋಡಿಸಿದರೆ ವಿದ್ಯುನ್ಮಂಡಲ (ಸರ್ಕ್ಯೂಟ್) ಸಿದ್ಧ. ಇದರ ನಿಜವಾದ ಬೆಲೆ ತಿಳಿಯುವುದು ಸರಣಿ ಜೋಡಣೆಯನ್ನು, ಅಂದರೆ ಒಂದರ ಹಿಂದೆ ಒಂದರಂತೆ ಒಂದೇ ದಾರಿಯಲ್ಲಿ ಜೋಡಿಸುವುದನ್ನು, ಕಲಿಸುವಾಗ. 9 ವೋಲ್ಟ್ ಬ್ಯಾಟರಿಗೆ 10 ಓಮ್‌ನ ಎರಡು ಬಲ್ಬುಗಳನ್ನು ಸರಣಿಯಲ್ಲಿ ಜೋಡಿಸಿ, ಸ್ವಿಚ್ ತೆರೆದೇ ಇಟ್ಟು, ಯಾವ ಬಲ್ಬು ಹೆಚ್ಚು ಬೆಳಗುತ್ತದೆ ಎಂದು ಕೇಳಿ ನೋಡಿ. ಮೊದಲ ಬಲ್ಬೇ ಕರೆಂಟನ್ನು ಒಂದಿಷ್ಟು ತಿಂದುಬಿಡುವುದರಿಂದ ಎರಡನೆಯದು ಮಂಕಾಗುತ್ತದೆ ಎಂದು ಜಾಣ ಮಕ್ಕಳೂ ನಂಬಿಕೆಯಿಂದ ಹೇಳುತ್ತಾರೆ. ಉತ್ತರವನ್ನು ಎಲ್ಲರೂ ನೋಟ್‌ಬುಕ್ಕಿನಲ್ಲಿ ಬರೆದ ಮೇಲೆ ಒಬ್ಬ ವಿದ್ಯಾರ್ಥಿಯನ್ನು ಕರೆದು ಸ್ವಿಚ್ ಹಾಕಿಸಬೇಕು. ಎರಡೂ ಬಲ್ಬುಗಳು ಸಮನಾಗಿ ಬೆಳಗುತ್ತವೆ, ಇಲೆಕ್ಟ್ರಾನುಗಳನ್ನು ಸೂಚಿಸುವ ನೀಲಿ ಚುಕ್ಕೆಗಳು ಎಲ್ಲೆಡೆ ಒಂದೇ ವೇಗದಲ್ಲಿ ಸಾಗುತ್ತವೆ, ಕರೆಂಟನ್ನು ಅಳೆಯುವ ಅಮ್ಮೀಟರನ್ನು ಎಲ್ಲಿಟ್ಟರೂ 0.45 ಆಂಪಿಯರ್ ತೋರಿಸುತ್ತದೆ. ಅದೇ ಬಲ್ಬುಗಳನ್ನು ಸಮಾಂತರವಾಗಿ, ಅಂದರೆ ಪ್ರತಿಯೊಂದನ್ನೂ ಬ್ಯಾಟರಿಗೆ ಬೇರೆ ಬೇರೆ ದಾರಿಯಲ್ಲಿ, ಜೋಡಿಸಿದಾಗ ಒಟ್ಟು ಕರೆಂಟು 1.8 ಆಂಪಿಯರಿಗೆ ಏರುವುದನ್ನು ಕಂಡ ಮಕ್ಕಳು, ಸೂತ್ರವನ್ನು ಉರುಹೊಡೆಯುವ ಬದಲು ಕಾರಣ ಕೇಳಲು ಶುರುಮಾಡುತ್ತಾರೆ. ಊಹಿಸಲು ಬಿಡದೆ ನೇರವಾಗಿ ಸ್ವಿಚ್ ಹಾಕಿ ತೋರಿಸಿದರೆ ಇದೂ ಇನ್ನೊಂದು ವಿಡಿಯೋ ಆಗಿಬಿಡುತ್ತದೆ. ತಂತ್ರಜ್ಞಾನ ಬಳಸುವ ಶಿಕ್ಷಕರು ಕಲಿಯಬೇಕಾದದ್ದು ಬಟನ್‌ಗಳಿಗಿಂತ ಹೆಚ್ಚಾಗಿ ಈ ಪ್ರಶ್ನೆಗಳ ಕ್ರಮವನ್ನು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬ್ಯಾಟರಿಯ ಎರಡು ತುದಿಗಳಿಗೆ ಬರೀ ತಂತಿ ಜೋಡಿಸಿದರೆ ಪರದೆಯಲ್ಲಿ ಬೆಂಕಿ ಕಾಣಿಸುತ್ತದೆ. ಪ್ರಯೋಗಾಲಯದಲ್ಲಿ ಮಾಡಬಾರದ ಹ್ರಸ್ವಮಂಡಲವನ್ನು (ಶಾರ್ಟ್ ಸರ್ಕ್ಯೂಟ್) ಇಲ್ಲಿ ನಿರ್ಭಯವಾಗಿ ತೋರಿಸಬಹುದು.

ಇಂಟರ್‌ನೆಟ್ ಕೈಕೊಡುವ ಶಾಲೆಗಳಲ್ಲಿಯೂ ತೊಂದರೆಯಿಲ್ಲ. ಒಂದೇ ಫೈಲಾಗಿ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಂಡರೆ ಸಾಮಾನ್ಯ ಬ್ರೌಸರಿನಲ್ಲೇ ತೆರೆಯುತ್ತದೆ.

ಹಾಗೆಂದು ನಿಜವಾದ ಬಲ್ಬು, ತಂತಿಗಳನ್ನು ಬೀರುವಿನೊಳಗೆ ಇಟ್ಟುಬಿಡಬಹುದೇ? 2005ರಲ್ಲಿ ಪ್ರಕಟವಾದ ಕೊಲರಾಡೊದ ಅಧ್ಯಯನವೊಂದರಲ್ಲಿ, ಉಪಕರಣಗಳ ಬದಲು ಈ ಸಿಮ್ಯುಲೇಷನ್ನಿನ ಆಗಿನ ರೂಪದಲ್ಲಿ ಅಭ್ಯಾಸ ಮಾಡಿದ ಕಾಲೇಜು ವಿದ್ಯಾರ್ಥಿಗಳು ಪರಿಕಲ್ಪನೆಯ ಪ್ರಶ್ನೆಗಳಲ್ಲಷ್ಟೇ ಅಲ್ಲದೆ ನಿಜವಾದ ಮಂಡಲಗಳನ್ನು ಜೋಡಿಸುವುದರಲ್ಲೂ ಮುಂದಿದ್ದರು. ಇದನ್ನು ಒಪ್ಪಿಯೂ ನಾನು ಪ್ರಯೋಗಾಲಯವನ್ನು ಬಿಡುವುದಿಲ್ಲ. ಪರದೆಯ ಜೋಡಣೆ ಎಂದೂ ಸಡಿಲವಾಗುವುದಿಲ್ಲ, ತಂತಿಯ ತುದಿಗೆ ತುಕ್ಕು ಹಿಡಿಯುವುದಿಲ್ಲ. ಬಲ್ಬು ಏಕೆ ಹತ್ತಲಿಲ್ಲ ಎಂದು ತಂತಿಯ ಜಾಡು ಹಿಡಿದು ಹುಡುಕುವ ತಾಳ್ಮೆ ಕೈಯಿಂದ ಮಾಡಿದಾಗಲೇ ಬರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಟಾರ್ಚ್ ಬಲ್ಬು, ಹೋಲ್ಡರ್, ತಂತಿ ಎಲ್ಲವೂ ಕಡಿಮೆ ಖರ್ಚಿನಲ್ಲಿ ಸಿಗುತ್ತವೆ. ಸಿಮ್ಯುಲೇಷನ್ ಒಂದು ಪೀರಿಯಡ್, ಮರುದಿನ ಪ್ರಯೋಗಾಲಯ ಎಂಬ ಜೋಡಿ ನನಗೆ ಚೆನ್ನಾಗಿ ಹೊಂದಿದೆ.

ಹೊಸದಾಗಿ ಬಳಸುವವರು ಶಿಕ್ಷಕರ ಖಾತೆಯನ್ನು ತೆರೆಯಲು ಮರೆಯಬಾರದು. ಅದಕ್ಕೂ ಹಣ ಕೊಡಬೇಕಿಲ್ಲ, ಬೇರೆ ಶಿಕ್ಷಕರು ಸಿದ್ಧಪಡಿಸಿದ ಚಟುವಟಿಕೆಗಳು ಅಲ್ಲಿ ಸಿಗುತ್ತವೆ. ಅವು ಹೆಚ್ಚಾಗಿ ಇಂಗ್ಲಿಷಿನಲ್ಲಿರುವುದರಿಂದ ಕನ್ನಡ ಮಾಧ್ಯಮದ ತರಗತಿಗೆ ಪ್ರಶ್ನೆಗಳನ್ನು ನಾವೇ ಬರೆದುಕೊಳ್ಳಬೇಕು, ಮತ್ತು ಆ ಕೆಲಸವನ್ನು ಅಕ್ಕಪಕ್ಕದ ಶಾಲೆಗಳ ವಿಜ್ಞಾನ ಶಿಕ್ಷಕರು ಹಂಚಿಕೊಂಡು ಮಾಡಿದರೆ ಹೊರೆಯೂ ಕಡಿಮೆಯಾಗುತ್ತದೆ.